ದೇವರಾಜ ಮಾರ್ಕೆಟ್, ಮೈಸೂರು: ಐದಕ್ಕೆ ಐದು, ಮೇಲೆ ಕೊಸರು

ಹೂವಿನ ಸಾಲಿನಿಂದಲೇ ಶುರು ಮಾಡುತ್ತೇನೆ. ಹೋದ ಶನಿವಾರ ಬೆಳಿಗ್ಗೆ ಏಳೂವರೆಗೆಲ್ಲ ಅಲ್ಲಿದ್ದೆ. ನಾನು ಯಾವಾಗಲೂ ಹೂವು ತಗೊಳ್ಳುವ ಅಮ್ಮ ಒಬ್ಬರಿದ್ದಾರೆ, ಅರವತ್ತೈದು ದಾಟಿರಬಹುದು. ಒಂದು ಮಾರು ಮಲ್ಲಿಗೆ ಕೇಳಿದೆ. ದಂಡೆಯ ತುದಿಯನ್ನು ನಡುಬೆರಳಿಗೆ ಸಿಕ್ಕಿಸಿಕೊಂಡು ಮೊಣಕೈವರೆಗೆ ಎಳೆದರು, ಒಂದು ಮೊಳ. ತಿರುಗಿಸಿ ಎರಡು, ಮೂರು, ನಾಲ್ಕು. ನಾಲ್ಕು ಮೊಳಕ್ಕೆ ಒಂದು ಮಾರು, ಲೆಕ್ಕ ಅಲ್ಲಿಗೆ ಮುಗಿಯಿತು. ಆದರೆ ಅವರ ಕೈ ಅಲ್ಲಿ ನಿಲ್ಲಲಿಲ್ಲ. ನಾಲ್ಕನೇ ಮೊಳ ಮುಗಿದ ಜಾಗವನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದುಕೊಂಡು, ಅಲ್ಲಿಂದ ಇನ್ನೊಂದು ಗೇಣು ಎಳೆದು, ಆಮೇಲೆ ನಾರು ಕತ್ತರಿಸಿದರು. ನಾನು ಕೇಳಿರಲಿಲ್ಲ. "ಕೊಸ್ರು ಕಣವ್ವ, ಮಗೀಗೆ ಮುಡ್ಸು" ಅಂದರು. ಮಗಳು ಮನೆಯಲ್ಲಿ ಮಲಗಿದ್ದಳು. ಅವರು ಅವಳನ್ನು ನೋಡಿ ಎರಡು ವರ್ಷವಾದರೂ ಆಗಿರಬೇಕು.

ಆ ಒಂದು ಗೇಣು ಮಲ್ಲಿಗೆಗಾಗಿ ನಾನು ಈ ವಿಮರ್ಶೆ ಬರೆಯುತ್ತಿದ್ದೇನೆ. ದೇವರಾಜ ಮಾರ್ಕೆಟ್ಟಿನ ಬಗ್ಗೆ ಬರೆಯುವವರೆಲ್ಲ ಬಣ್ಣದ ಕುಂಕುಮದ ಗುಡ್ಡೆಗಳ ಫೋಟೋ ಹಾಕುತ್ತಾರೆ. ಚೆನ್ನಾಗಿಯೇ ಇರುತ್ತವೆ, ಬೇಡ ಅನ್ನಲ್ಲ. ಆದರೆ ಫೋಟೋಗೆ ಸಿಗದ ಒಂದು ವಿಷಯ ಅಲ್ಲಿದೆ, ಅದರ ಹೆಸರು ಕೊಸರು. ಈಗಿನ ಮಕ್ಕಳಿಗೆ ಈ ಪದ ಗೊತ್ತಿರುವುದು ಅನುಮಾನ. ನನ್ನ ಮಗಳಿಗೇ ಗೊತ್ತಿರಲಿಲ್ಲ.

ಕೊಸರು ಅಂದರೆ ಕೊಂಡ ಸಾಮಾನಿನ ಮೇಲೆ ಮಾರುವವರು ದುಡ್ಡಿಲ್ಲದೆ ಹಾಕುವ ಸ್ವಲ್ಪ ಹೆಚ್ಚಿಗೆ. ನಿಘಂಟಿನ ಅರ್ಥ ಇಷ್ಟೇ. ಬಳಕೆಯಲ್ಲಿ ಇನ್ನೂ ಸೂಕ್ಷ್ಮ ಇದೆ. ಕೊಸರನ್ನು 'ಕೊಡಿ' ಅನ್ನುವುದಕ್ಕಿಂತ 'ಹಾಕಿ' ಅನ್ನುವುದೇ ಜಾಸ್ತಿ. ತಕ್ಕಡಿಯಿಂದ ಚೀಲಕ್ಕೆ ಸಾಮಾನು ಬಿದ್ದ ಮೇಲೆ, ಅದರ ಮೇಲೆ ಹಾಕುವುದು. ಮೊದಲೇ ಹಾಕಿದರೆ ಅದು ತೂಕದಲ್ಲೇ ಸೇರಿಹೋಗುತ್ತದೆ. ಲೆಕ್ಕ ಮುಗಿಯಬೇಕು, ಆಮೇಲೆ ಕೈ ಮುಂದೆ ಬರಬೇಕು. ಇನ್ನೊಂದು ವಿಷಯ, ಗಿರಾಕಿ ತಾನೇ ಎತ್ತಿಕೊಂಡರೆ ಅದು ಕೊಸರಲ್ಲ. ಕೇಳಬಹುದು, ಕೈ ಹಾಕಬಾರದು. ನಮ್ಮತ್ತೆ ಈ ವಿಷಯದಲ್ಲಿ ತುಂಬಾ ಕಟ್ಟುನಿಟ್ಟು. ಗುಡ್ಡೆಯಿಂದ ಒಂದು ಹಸಿಮೆಣಸಿನಕಾಯಿ ನಾನೇ ತೆಗೆದುಕೊಂಡಿದ್ದಕ್ಕೆ ದಾರಿಯುದ್ದಕ್ಕೂ ಬೈಸಿಕೊಂಡಿದ್ದೇನೆ. "ಅವರು ಹಾಕಿದ್ರೆ ಕೊಸರು, ನೀನು ತಗೊಂಡ್ರೆ ಕಳ್ಳತನ" ಅಂದಿದ್ದರು.

ಕೊಸರಾಡು, ಕೊಸರಿಕೋ ಅಂತಲೂ ಮಾತುಗಳಿವೆ ಅಲ್ವಾ, ಎಳೆದಾಡುವುದು, ಹಿಡಿತದಿಂದ ಬಿಡಿಸಿಕೊಳ್ಳುವುದು ಅನ್ನುವ ಅರ್ಥದಲ್ಲಿ. ಎರಡಕ್ಕೂ ಬೇರು ಒಂದೇನಾ, ಅದನ್ನು ಭಾಷೆ ಓದಿದವರು ಹೇಳಬೇಕು. ಆದರೆ ಮಾರ್ಕೆಟ್ಟಿನಲ್ಲಿ ನಿಂತಾಗ ನನಗೆ ಎರಡೂ ಒಂದೇ ಅನಿಸುತ್ತದೆ. ಕೊಳ್ಳುವವರು ಸ್ವಲ್ಪ ಜಗ್ಗುತ್ತಾರೆ, ಮಾರುವವರು ಸ್ವಲ್ಪ ಬಿಡುತ್ತಾರೆ. ಪದ ನಮ್ಮದೊಬ್ಬರದೇ ಅಲ್ಲ. ತೆಲುಗಿನಲ್ಲೂ ಕೊಸರು, ತಮಿಳಿನಲ್ಲಿ ಕೊಸುರು. ತೆಲುಗಿನವರು 'ಅಸಲು ಕೊಸರು' ಅಂತ ಜೋಡಿಯಾಗಿಯೇ ಹೇಳುತ್ತಾರೆ. ಮೈಸೂರಿನ ಸಂತೆಗೆ ಮೂರೂ ಭಾಷೆಯವರು ಬರುತ್ತಾರೆ, ಈ ಒಂದು ಪದಕ್ಕೆ ಯಾರಿಗೂ ಅನುವಾದ ಬೇಕಾಗುವುದಿಲ್ಲ. ದೂರದ ಪೆರು ದೇಶದ ಮಾರ್ಕೆಟ್ಟುಗಳಲ್ಲೂ ಇದೇ ಪದ್ಧತಿ ಇದೆ, ಅಲ್ಲಿ ಅದಕ್ಕೆ 'ಯಾಪಾ' ಅನ್ನುತ್ತಾರೆ. ತೂಕ ಆದ ಮೇಲೆ ಅಲ್ಲಿನ ಹೆಂಗಸರೂ ನಮ್ಮ ಹಾಗೇ ಯಾಪಾ ಕೇಳುತ್ತಾರೆ ಅಂತ ಓದಿದಾಗ ನನಗೆ ಎಷ್ಟು ಖುಷಿಯಾಯಿತು ಅಂದರೆ, ಅವತ್ತು ಸಂಜೆ ಫೋನ್ ಮಾಡಿ ಅಮ್ಮನಿಗೆ ಹೇಳಿದೆ.

ಪುಕ್ಕಟೆ ಕೊಡುವುದಕ್ಕೆ ನಮ್ಮಲ್ಲಿ ಪದಗಳಿಗೇನು ಬರವಿಲ್ಲ. ದಾನ ಇದೆ, ಆದರೆ ದಾನ ಕೊಡುವವರು ಮೇಲೆ, ತಗೊಳ್ಳುವವರು ಕೆಳಗೆ. ಬಿಟ್ಟಿ ಇದೆ. ಅದು ಸಂಸ್ಕೃತದ 'ವಿಷ್ಟಿ'ಯಿಂದ ಬಂದದ್ದು, ಅಂದರೆ ಕೂಲಿ ಕೊಡದೆ ಬಲವಂತವಾಗಿ ಮಾಡಿಸಿಕೊಳ್ಳುವ ಕೆಲಸ. 'ಬಿಟ್ಟಿ ಚಾಕರಿ' ಅನ್ನುವಾಗ ಆ ಹಳೇ ನೋವು ಇನ್ನೂ ಕೇಳುತ್ತದೆ. ಉಚಿತ ಅನ್ನುವ ಪದಕ್ಕೆ ಮೂಲದಲ್ಲಿ 'ತಕ್ಕದ್ದು' ಅನ್ನುವ ಅರ್ಥ, ಸಮಯೋಚಿತ, ಅನುಚಿತ ಅನ್ನುವಾಗ ಇರುವ ಉಚಿತ ಅದೇ. ಈಗ ಬೋರ್ಡುಗಳಲ್ಲಿ ಕಾಣುವುದು 'ಒಂದು ಕೊಂಡರೆ ಒಂದು ಉಚಿತ'. ಆಮೇಲೆ ಮುಯ್ಯಿ. ನಮ್ಮ ಕಡೆ ಮದುವೆಗಳಲ್ಲಿ ಒಬ್ಬರು ನೋಟ್‌ಬುಕ್ ಹಿಡಿದು ಕೂತು ಯಾರು ಎಷ್ಟು ಮುಯ್ಯಿ ಮಾಡಿದರು ಅಂತ ಬರೆದುಕೊಳ್ಳುತ್ತಾರೆ. ಅದು ಪ್ರೀತಿಯೇ, ಆದರೆ ತಿರುಗಿ ಕೊಡಬೇಕಾದ ಪ್ರೀತಿ. ಕೊಸರನ್ನು ಯಾರೂ ಎಲ್ಲೂ ಬರೆದಿಡಲ್ಲ. ಹಾಕಿದವರು ಮೇಲಲ್ಲ, ತಗೊಂಡವರು ಕೆಳಗಲ್ಲ. ದುಡ್ಡು ಕೊಟ್ಟು ಕೊಂಡಾಗಿದೆ, ಇಬ್ಬರೂ ಸಮ. ಅದಕ್ಕೇ ಈ ಪದ ನನಗೆ ಇವೆಲ್ಲಕ್ಕಿಂತ ಇಷ್ಟ.

ನಾನು ಹನ್ನೊಂದು ವರ್ಷ ಬೆಂಗಳೂರಿನಲ್ಲಿ, ವೈಟ್‌ಫೀಲ್ಡ್ ಕಡೆ ಇದ್ದೆ. ಅಲ್ಲಿಗೆ ಹೋಗುವವರೆಗೆ ಕರಿಬೇವನ್ನು ದುಡ್ಡು ಕೊಟ್ಟು ತಂದ ನೆನಪೇ ನನಗಿಲ್ಲ. ಮೈಸೂರಿನ ನಮ್ಮನೆಯಲ್ಲಿ ತರಕಾರಿ ಕೊಂಡರೆ ಅದರ ಜೊತೆ ಕರಿಬೇವು, ಎರಡು ಹಸಿಮೆಣಸಿನಕಾಯಿ, ಒಂದಿಷ್ಟು ಕೊತ್ತಂಬರಿ ಬರಲೇಬೇಕು. ಹುಳಿಗೆ ಬೇಕಾದ ತರಕಾರಿಗೆ ದುಡ್ಡು, ಒಗ್ಗರಣೆ ಮಾತ್ರ ಕೊಸರು. ಅಲ್ಲಿ ಅಪಾರ್ಟ್‌ಮೆಂಟ್ ಪಕ್ಕದ ಅಂಗಡಿಯಲ್ಲಿ ಕರಿಬೇವು ಪ್ಲಾಸ್ಟಿಕ್ಕಿನಲ್ಲಿ ಕೂತು, ಮೈಮೇಲೆ ಬೆಲೆಯ ಚೀಟಿ ಅಂಟಿಸಿಕೊಂಡಿತ್ತು. ಮೊದಲ ಸಲ ನೋಡಿದಾಗ ನನಗೆ ನಿಜವಾಗಿ ಬೇಜಾರಾಯಿತು. ದುಡ್ಡಿನ ಮಾತಲ್ಲ, ಹತ್ತು ರೂಪಾಯಿ ಇರಬಹುದು. ಇನ್ನು ನನಗೆ ಯಾರೂ ಏನನ್ನೂ ಸುಮ್ನೆ ಹಾಕುವುದಿಲ್ಲ ಅಂತ ಅನ್ನಿಸಿತು.

ಇದು ನನ್ನೊಬ್ಬಳ ಸಂಕಟ ಅಲ್ಲ ಅಂತ ಗೊತ್ತಾಗಿದ್ದು 2024ರ ಮೇ ತಿಂಗಳಲ್ಲಿ. ಮುಂಬೈನ ಒಬ್ಬ ತಾಯಿ, ಆ್ಯಪ್‌ನಲ್ಲಿ ಕೊತ್ತಂಬರಿಗೂ ದುಡ್ಡು ಹಾಕುತ್ತಾರೆ ಅಂತ ಕೇಳಿ ಗಾಬರಿಯಾಗಿದ್ದರು. ಮಗ ಅದನ್ನು ಬರೆದು ಹಾಕಿದ. ಆ ಆ್ಯಪ್ ನಡೆಸುವ ಬ್ಲಿಂಕಿಟ್ ಕಂಪನಿ ಅದನ್ನು ನೋಡಿ, ಕೆಲವು ತರಕಾರಿ ಕೊಂಡರೆ ಕೊತ್ತಂಬರಿ ಉಚಿತ ಅಂತ ಶುರು ಮಾಡಿತು. ಆ ತಾಯಿಯ ಮಾತು ಕೇಳಿಸಿಕೊಂಡರಲ್ಲ, ಅದು ಒಳ್ಳೆಯ ಕೆಲಸ, ಮನಸಾರೆ ಹೇಳುತ್ತೇನೆ. ಆದರೂ ಅದು ಉಚಿತವೇ ಹೊರತು ಕೊಸರಾಗಲಿಲ್ಲ. ಇದನ್ನು ಕೊಂಡರೆ ಮಾತ್ರ ಅದು ಅನ್ನುವ ಷರತ್ತು ಇತ್ತು, ಎಲ್ಲರಿಗೂ ಅಷ್ಟೇ, ಕೊಡುವ ಮೊದಲೇ ಲೆಕ್ಕ ಹಾಕಿಟ್ಟಿದ್ದರು. ಹಾಕುವ ಕೈ ಇಲ್ಲ. ಮಲ್ಲಿಗೆಯ ಅಮ್ಮನಿಗೆ ನನ್ನ ಮಗಳು ನೆನಪಾದ ಹಾಗೆ ಆ್ಯಪ್‌ಗೆ ಯಾರು ನೆನಪಾಗಬೇಕು ಹೇಳಿ?

ವಾಪಸ್ ಮೈಸೂರಿಗೆ ಬಂದು ಈಗ ಮೂರು ವರ್ಷ. ಬಂದ ಮೊದಲ ವಾರವೇ ದೇವರಾಜ ಮಾರ್ಕೆಟ್ಟಿಗೆ ಹೋದೆ. ಹೋದಾಗಿನಿಂದ ನನಗೇ ಗೊತ್ತಿಲ್ಲದ ಹಾಗೆ ಯಾವ ಸಾಲಿನಲ್ಲಿ ಕೊಸರು ಹೇಗೆ ಬರುತ್ತದೆ ಅಂತ ಗಮನಿಸಲು ಶುರು ಮಾಡಿದೆ.

ಎಲೆ ಸಾಲಿನದು ಎಣಿಕೆಯ ಲೆಕ್ಕ. ಮೈಸೂರು ವೀಳ್ಯದೆಲೆ ಬೇರೆ ಕಡೆಯ ಎಲೆಯ ಹಾಗೆ ಖಾರ ಇರುವುದಿಲ್ಲ, ಮೆತ್ತಗೆ ಬಾಯಲ್ಲಿ ಕರಗುತ್ತದೆ, ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ಮೈಸೂರು ಮಲ್ಲಿಗೆಗೂ ನಂಜನಗೂಡು ರಸಬಾಳೆಗೂ ಅದು ಸಿಕ್ಕಿದೆ, ಮೂರೂ ಇದೇ ಮಾರ್ಕೆಟ್ಟಿನಲ್ಲಿ ಕೆಲವೇ ಹೆಜ್ಜೆ ದೂರದಲ್ಲಿ ಸಿಗುತ್ತವೆ. ಎಲೆ ಮಾರುವ ತಾತ ಎಣಿಸುವುದನ್ನು ನಿಂತು ನೋಡಬೇಕು. ಒದ್ದೆ ಬಟ್ಟೆ ಸರಿಸಿ, ಹೆಬ್ಬೆರಳಿನಿಂದ ಎಲೆಗಳನ್ನು ಜಾರಿಸುತ್ತಾ ಹೋಗುತ್ತಾರೆ, ತುಟಿ ಅಲ್ಲಾಡುತ್ತದೆ, ಶಬ್ದ ಇಲ್ಲ. ಎಣಿಸಿ ಮುಗಿದ ಮೇಲೆ ತೊಟ್ಟುಗಳನ್ನು ಒಂದೇ ಕಡೆ ತಿರುಗಿಸಿ ಜೋಡಿಸುತ್ತಾರೆ. ಕಟ್ಟುವ ಮುಂಚೆ, ಎಣಿಸದೆ, ಮೂರೋ ನಾಲ್ಕೋ ಎಲೆ ಮೇಲೆ ಇಡುತ್ತಾರೆ. ಅಷ್ಟು ಹೊತ್ತು ಒಂದೊಂದೂ ಎಣಿಸಿದ ಮನುಷ್ಯ ಕೊಸರನ್ನು ಮಾತ್ರ ಎಣಿಸುವುದಿಲ್ಲ. ಎಷ್ಟು ಹಾಕಿದ್ರಿ ತಾತ ಅಂದರೆ, "ಅದ್ಯಾಕವ್ವ ಲೆಕ್ಕ" ಅಂದರು.

ನಮ್ಮಜ್ಜಿ ಊರಲ್ಲಿ ರಾಗಿ ಅಳೆಯುವಾಗ ಸೇರು ಎತ್ತಿ ಮೊದಲನೆಯದಕ್ಕೆ 'ಒಂದು' ಅನ್ನುತ್ತಿರಲಿಲ್ಲ, 'ಲಾಭ' ಅನ್ನುತ್ತಿದ್ದರು. ಲಾಭ, ಎರಡು, ಮೂರು. ಪ್ರತಿ ಸೇರಿಗೂ ಗೋಪುರ ಬರಬೇಕು, ಅಂಚಿನವರೆಗೆ ಗೀಚಿ ಅಳೆಯುವುದು ಅಂದರೆ ಅವಮಾನ. ಕೊನೆಗೆ ಎರಡು ಕೈ ಸೇರಿಸಿ ಒಂದು ಬೊಗಸೆ, ಅದು ಕೊಸರು. ಕೆಲಸಕ್ಕೆ ಬಂದವರಿಗೆ ಅಳೆದರೂ ಅಷ್ಟೇ, ನೆಂಟರಿಗೆ ಅಳೆದರೂ ಅಷ್ಟೇ. ಸೇರು, ಪಾವು ಎಲ್ಲ ಕಾನೂನಿನ ಲೆಕ್ಕದಲ್ಲಿ 1960ರ ದಶಕದಲ್ಲೇ ಹೋಗಿ ಕಿಲೋ, ಲೀಟರ್ ಬಂದವು. ಅಳತೆ ಹೋದರೂ ಬೊಗಸೆ ಉಳಿದಿತ್ತು. ಹಾಲಿನವರು ಲೀಟರ್ ಅಳೆದು ಮೇಲೆ ಒಂದು ಧಾರೆ ಸುರಿಯುತ್ತಿದ್ದದ್ದು ನಮ್ಮ ವಯಸ್ಸಿನವರಿಗೆಲ್ಲ ನೆನಪಿರುತ್ತದೆ.

ಕೊಸರಿಗೆ ನಿಜವಾದ ಪೆಟ್ಟು ಕೊಟ್ಟಿದ್ದು ಎಲೆಕ್ಟ್ರಾನಿಕ್ ತೂಕದ ಮೆಷಿನ್ ಅಂತ ನನ್ನ ಲೆಕ್ಕ. ತಕ್ಕಡಿ ಇದ್ದಾಗ ಬಟ್ಟಿನ ಕಡೆಗಿಂತ ತರಕಾರಿಯ ಕಡೆ ಸ್ವಲ್ಪ ವಾಲಿತು ಅಂದರೆ ಎರಡೂ ಕಡೆಯವರಿಗೆ ಕಣ್ಣಿಗೆ ಕಾಣುತ್ತಿತ್ತು. ಒಂದು ಬೆಂಡೆಕಾಯಿ ಹಾಕಿದರೆ ತಟ್ಟೆ ಕೆಳಗೆ ಬಂತು, ಮನಸ್ಸು ತುಂಬಿತು. ಮೆಷಿನ್ ಅಂಕಿ ತೋರಿಸುತ್ತದೆ. ಒಂದು ಕಿಲೋ ಹತ್ತು ಗ್ರಾಂ ಅಂತ ಬಂದರೆ ಒಂದು ಬೀನ್ಸ್ ತೆಗೆದಿಡುವವರೂ ಇದ್ದಾರೆ. ನಾನು ಅವರನ್ನು ತಪ್ಪು ಅನ್ನಲ್ಲ, ಬೆಳಗಿನ ಜಾವ ಮಂಡಿಗೆ ಹೋಗಿ ಸಾಲ ಮಾಡಿ ಸರಕು ತಂದಿರುತ್ತಾರೆ. ಆದರೆ ದೇವರಾಜ ಮಾರ್ಕೆಟ್ಟಿನ ತರಕಾರಿ ಸಾಲಿನಲ್ಲಿ ಒಬ್ಬ ಹುಡುಗ ಇದ್ದಾನೆ, ಇಪ್ಪತ್ತೈದೂ ಇರಲಿಕ್ಕಿಲ್ಲ. ಮೆಷಿನ್ನಲ್ಲಿ ಸರಿಯಾಗಿ ತೂಗಿ, ಚೀಲಕ್ಕೆ ಹಾಕಿ, ಆಮೇಲೆ ಮೆಷಿನ್ ಕಡೆ ನೋಡದೆ ಗುಡ್ಡೆಯಿಂದ ಒಂದು ಈರನಗೆರೆ ಬದನೆಕಾಯಿ ಎತ್ತಿ ಹಾಕುತ್ತಾನೆ. ಅವರಪ್ಪ ತಕ್ಕಡಿಯಲ್ಲಿ ತೂಗುತ್ತಿದ್ದ ಕಾಲದಿಂದ ನಮ್ಮತ್ತೆ ಅಲ್ಲೇ ಕೊಳ್ಳುತ್ತಿದ್ದರು. ಮೆಷಿನ್ ಬಂದರೂ ಕೈ ಬದಲಾಗಿಲ್ಲ.

ಚಿಲ್ಲರೆ ಇಲ್ಲ ಅಂತ ಎರಡು ರೂಪಾಯಿ ಬದಲು ಕೊಡುವ ಕರಿಬೇವು ಕೊಸರಲ್ಲ, ಅದನ್ನೂ ಹೇಳಿಬಿಡುತ್ತೇನೆ. ಅದು ಚಿಲ್ಲರೆ. ಈಗ ಎಲ್ಲರೂ ಫೋನಿನಲ್ಲಿ ಸ್ಕ್ಯಾನ್ ಮಾಡಿ ಪೈಸೆ ಸಮೇತ ಸರಿಯಾಗಿ ಕೊಡುವುದರಿಂದ ಆ ತಾಪತ್ರಯ ಇಲ್ಲ. ಹಾಗೆಯೇ ಚೌಕಾಸಿ ಮಾಡಿ ಹತ್ತು ರೂಪಾಯಿ ಇಳಿಸಿಕೊಂಡ ಮೇಲೆ ಕೊಸರನ್ನೂ ಕೇಳುವುದು ಸರಿಯಲ್ಲ. ಬೆಲೆಯಲ್ಲಿ ಜಗ್ಗಾಡಿದ್ದೀರಿ ಅಂದರೆ ಅಲ್ಲಿಗೆ ಸಾಕು. ಅವರ ಬೋಣಿ ಆಗಿರದಿದ್ದರೆ ನಾನಂತೂ ಏನೂ ಕೇಳಲ್ಲ. ವಿಚಿತ್ರ ಅಂದರೆ ಬೋಣಿ ಹೊತ್ತಲ್ಲಿ ಕೇಳದೆಯೇ ಜಾಸ್ತಿ ಹಾಕುತ್ತಾರೆ.

ಎಲ್ಲ ಅಂಗಡಿಯೂ ಹೀಗೇ ಅಂತ ನಾನು ಹೇಳಿದರೆ ಸುಳ್ಳಾಗುತ್ತದೆ. ಒಂದು ಹಣ್ಣಿನಂಗಡಿಯಲ್ಲಿ ನನಗೆ ಮೋಸ ಆಗಿದೆ, ಇದು ಬೇರೆ ಊರಿನಲ್ಲಿ, ಹೆಸರು ಬೇಡ. ಎರಡು ಕಿತ್ತಳೆ ಕೊಸರು ಅಂತ ಜೋರಾಗಿ ಹೇಳಿ ಹಾಕಿದರು. ಮನೆಗೆ ಬಂದು ತೂಗಿದರೆ ಆ ಎರಡನ್ನು ಸೇರಿಸಿದರೂ ಕೊಂಡ ಒಂದು ಕಿಲೋಗೆ ಕಮ್ಮಿ. ಬರೀ ಕಡಿಮೆ ತೂಗಿದ್ದರೆ ನನಗೆ ಅಷ್ಟು ಕೋಪ ಬರುತ್ತಿರಲಿಲ್ಲವೇನೋ, ಕೊಸರು ಅನ್ನುವ ಪದವನ್ನು ಅದಕ್ಕೆ ಬಳಸಿದ್ದಕ್ಕೆ ಹೊಟ್ಟೆ ಉರಿಯಿತು. ಆವತ್ತಿನಿಂದ ಒಂದು ಗಮನಿಸಿದ್ದೇನೆ. ನಿಜವಾಗಿ ಹಾಕುವವರು ಜೋರಾಗಿ ಹೇಳುವುದಿಲ್ಲ. ತಾತ ಹೇಳುವುದೇ ಇಲ್ಲ.

ಇನ್ನು ಜಾಗದ ಬಗ್ಗೆ. ಕಟ್ಟಡಕ್ಕೆ ನೂರು ವರ್ಷ ದಾಟಿದೆ. ಸಯ್ಯಾಜಿರಾವ್ ರಸ್ತೆಯ ಉದ್ದಕ್ಕೆ, ಚಿಕ್ಕಗಡಿಯಾರದ ಕಡೆಯಿಂದ ಧನ್ವಂತರಿ ರಸ್ತೆಯ ಕಡೆಗೆ ಚಾಚಿಕೊಂಡಿದೆ. 2016ರ ಆಗಸ್ಟ್‌ನಲ್ಲಿ ಒಂದು ಬಾಗಿಲಿನ ಕಡೆಯ ಭಾಗ ಕುಸಿದುಬಿತ್ತು. ಕೆಡವಿ ಹೊಸದಾಗಿ ಕಟ್ಟಬೇಕೋ, ಇರುವುದನ್ನೇ ಗಟ್ಟಿ ಮಾಡಬೇಕೋ ಅನ್ನುವ ವಾದ ಕೋರ್ಟಿನವರೆಗೂ ಹೋಯಿತು. ನಾನು ಎಂಜಿನಿಯರ್ ಅಲ್ಲ. ವ್ಯಾಪಾರ ಮಾಡುವವರ ತಲೆ ಮೇಲೆ ಸೂರು ಗಟ್ಟಿಯಾಗಿರಬೇಕು, ಅದರಲ್ಲಿ ಎರಡು ಮಾತಿಲ್ಲ. ನನ್ನ ಕಳಕಳಿ ಒಂದೇ. ಅಲ್ಲಿನ ಓಣಿಗಳು ಎಷ್ಟು ಕಿರಿದು ಅಂದರೆ ಮಾರುವವರು ಕೂತಲ್ಲಿಂದ ಕೈ ಚಾಚಿದರೆ ನಿಮ್ಮ ಚೀಲದ ಒಳಗೇ ಬರುತ್ತದೆ. ಕೊಸರಿಗೆ ಅಷ್ಟೇ ದೂರ ಬೇಕು. ಗಾಜಿನ ಕೌಂಟರ್ ಹಾಕಿ, ಬಿಲ್ಲಿಗೆ ಬೇರೆ ಸಾಲು ಮಾಡಿದರೆ ಆ ಕೈ ಎಲ್ಲಿಂದ ಬರಬೇಕು? ಏನೇ ಕಟ್ಟಿದರೂ ಈ ಅಂತರವನ್ನು ಉಳಿಸಿಕೊಂಡು ಕಟ್ಟಲಿ ಅಂತ ನನ್ನ ಆಸೆ.

ಬಾಳೆಹಣ್ಣಿನ ಸಾಲಿನ ಬಗ್ಗೆ ಹೇಳುವುದು ಕಮ್ಮಿ. ಚಿಪ್ಪಿನ ಲೆಕ್ಕದಲ್ಲಿ ಕೊಡುತ್ತಾರೆ, ಜೊತೆಗೆ ಮಕ್ಕಳಿದ್ದರೆ ಅವರ ಕೈಗೆ ಒಂದು ಹಣ್ಣು ಗ್ಯಾರಂಟಿ. ಕುಂಕುಮ, ಊದಿನಕಡ್ಡಿ, ಅತ್ತರಿನ ಕಡೆ ಪ್ರವಾಸಿಗರು ಜಾಸ್ತಿ, ಬೆಲೆ ಕೇಳಿಕೊಂಡೇ ತಗೊಳ್ಳಿ. ಅಲ್ಲೂ ಒಂದು ಸಲ ಒಬ್ಬ ವಿದೇಶಿ ಹೆಂಗಸು ಅರಿಶಿನ ಕೊಂಡು ದುಡ್ಡು ಕೊಟ್ಟ ಮೇಲೆ ಅಂಗಡಿಯವರು ಒಂದು ಚಿಟಿಕೆ ಕುಂಕುಮವನ್ನು ಕಾಗದದಲ್ಲಿ ಮಡಚಿ ಕೊಟ್ಟರು. ಆಕೆ ಮತ್ತೆ ಪರ್ಸ್ ತೆಗೆದರು. ಅಂಗಡಿಯವರು ಕೈ ಅಲ್ಲಾಡಿಸಿದರು. ಆಕೆಗೆ ಅರ್ಥವಾಗದೆ ನನ್ನ ಕಡೆ ನೋಡಿದರು. ಇಂಗ್ಲಿಷಿನಲ್ಲಿ ಫ್ರೀ ಅಂದೆ, ಸರಿಹೋಗಲಿಲ್ಲ. ಗಿಫ್ಟ್ ಅಂದೆ, ಅದೂ ಸರಿಯಿಲ್ಲ. ಕೊನೆಗೆ ಕೊಸರು ಅಂತಲೇ ಹೇಳಿ, ಹೂವಿನ ದಂಡೆಯನ್ನು ಮೊಳ ಹಾಕಿ, ಮೇಲೊಂದು ಗೇಣು ಎಳೆದು ತೋರಿಸಿದೆ. ನಕ್ಕು, "ಕೊಸರು" ಅಂತ ಎರಡು ಸಲ ಹೇಳಿಕೊಂಡು ಹೋದರು.

ಹೋಗುವವರಿಗೆ ಒಂದೆರಡು ವಿಷಯ. ಬೆಳಿಗ್ಗೆ ಎಂಟರೊಳಗೆ ಹೋದರೆ ಹೂವು, ಸೊಪ್ಪು ಫ್ರೆಶ್ ಇರುತ್ತವೆ, ಜನ ಕಮ್ಮಿ, ಮಾತಾಡಲು ಅವರಿಗೂ ಪುರುಸೊತ್ತು. ಆಯುಧಪೂಜೆ, ಗೌರಿ ಹಬ್ಬದ ಹಿಂದಿನ ದಿನ ಕಾಲಿಡಲು ಜಾಗ ಇರಲ್ಲ, ಅವತ್ತು ಕೊಸರು ಕೇಳಿ ಅವರನ್ನು ನಿಲ್ಲಿಸಬೇಡಿ. ಕಾರು ತರಬೇಡಿ, ನಿಲ್ಲಿಸುವುದು ಕಷ್ಟ. ಸಿಟಿ ಬಸ್ ಸ್ಟ್ಯಾಂಡಿನಲ್ಲಿ ಇಳಿದರೆ ಕೆ.ಆರ್. ಸರ್ಕಲ್ ದಾಟಿ ನಡೆದೇ ಬರಬಹುದು. ಮಳೆಗಾಲದಲ್ಲಿ ನೆಲ ಜಾರುತ್ತದೆ, ವಯಸ್ಸಾದವರ ಕೈ ಹಿಡಿದುಕೊಳ್ಳಿ. ಮಕ್ಕಳನ್ನು ಕರೆದುಕೊಂಡು ಹೋಗಿ, ಅವರ ಕೈಯಲ್ಲೇ ಕೇಳಿಸಿ. ಹೋದ ತಿಂಗಳು ನನ್ನ ಮಗಳು ಮೊದಲ ಸಲ "ತಾತಾ, ಕೊಸರು ಹಾಕಿ" ಅಂದಳು. ತಾತ ಎಲೆ ಎಣಿಸುವುದನ್ನು ನಿಲ್ಲಿಸಿ ಅವಳ ಮುಖ ನೋಡಿದರು. ಎಣಿಕೆ ತಪ್ಪಿಹೋಯಿತು, ಮತ್ತೆ ಮೊದಲಿಂದ ಎಣಿಸಿದರು. ಕೊನೆಯಲ್ಲಿ ಒಂದು ಹಿಡಿ ಎಲೆ ಮೇಲಿಟ್ಟು, ಕೊಳಗದ ಪಕ್ಕದಲ್ಲಿದ್ದ ಎರಡು ಅಡಿಕೆ ತೆಗೆದು ಅವಳ ಅಂಗೈಯಲ್ಲಿ ಇಟ್ಟು ಮುಚ್ಚಿದರು.

ಚೀಲ ಮನೆಯಿಂದಲೇ ತನ್ನಿ. ಒಂದು ಜಾಸ್ತಿ ತನ್ನಿ.